ಬೇಟೆಗೆ ತೋಟಾ ತುಂಬಿಕೊಂಡರೆ ದುಡ್ಡು ಉಳಿಯುತ್ತದೆಯೇ? ಲೆಕ್ಕ ಹಾಕಿ ನೋಡಿ

ಸಂಪಾದಕರಿಗೆ ನಮಸ್ಕಾರ,

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರೊಬ್ಬರು ಅಲ್ಲಿನ ಹಕ್ಕಿ ಬೇಟೆಯ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬರೆದದ್ದನ್ನು ಓದಿದೆ. ಬರಹ ಚೆನ್ನಾಗಿದೆ. ಅಲ್ಲಿನ ಚಳಿ, ಮುಂದೆ ಮೂಸುತ್ತಾ ಹೋಗುವ ನಾಯಿ, ಜೋಳದ ಹೊಲದಿಂದ ಪುರ್ರೆಂದು ಏಳುವ ಫೆಸೆಂಟ್ ಹಕ್ಕಿ ಎಲ್ಲವೂ ಕಣ್ಣಿಗೆ ಕಟ್ಟಿದ ಹಾಗಿತ್ತು. ಆದರೆ ಕೊನೆಗೆ ಅವರು ಒಂದು ಮಾತು ಸೇರಿಸಿದ್ದಾರೆ. ಹೊಡೆದ ಮೇಲೆ ಖಾಲಿ ತೋಟಾ ಬಿಸಾಡಬಾರದಂತೆ, ಮನೆಯಲ್ಲೇ ಮದ್ದು, ಚರೆ (ಸಣ್ಣ ಕಾಳಿನಂಥ ಗುಂಡು) ತುಂಬಿಕೊಂಡರೆ ಖರ್ಚು ಅರ್ಧಕ್ಕೆ ಇಳಿಯುತ್ತದಂತೆ. ಆ ಮಾತಿಗೆ ನನ್ನ ತಕರಾರಿದೆ, ಅದಕ್ಕೇ ಈ ಪತ್ರ.

ಪತ್ರ ಬರೆಯಲು ಇನ್ನೊಂದು ಕಾರಣವೂ ಇದೆ. ನಾನಿರುವುದು ಪುಣೆಯ ಚಿಂಚ್ವಡದಲ್ಲಿ. ಭೋಸರಿ, ಚಾಕಣ ಕಡೆಯ ಕಾರ್ಖಾನೆಗಳಲ್ಲಿ ನಮ್ಮ ಹಳಿಯಾಳ, ಜೋಯಿಡಾ, ಖಾನಾಪುರ ಕಡೆಯ ಹುಡುಗರು ಬೇಕಾದಷ್ಟು ಜನ ಕೆಲಸಕ್ಕಿದ್ದಾರೆ. ಅವರಲ್ಲಿ ಅನೇಕರ ಊರ ಮನೆಯಲ್ಲಿ ಬೆಳೆ ಕಾಯಲೆಂದು ಅಜ್ಜನ ಕಾಲದಲ್ಲಿ ಪರವಾನಗಿ ಪಡೆದ ಕೋವಿ ಇದೆ. ಆ ಲೇಖನ ಬಂದ ಮೇಲೆ ಇಬ್ಬರು ಮೂವರು ನನ್ನ ಹತ್ತಿರ ಬಂದು, "ಕಾಕಾ, ನೀವು ಟೂಲ್‌ರೂಮಿನವರು, ಅಂಥದ್ದೊಂದು ಪ್ರೆಸ್ಸು ಇಲ್ಲೇ ಮಾಡಿಸಬಹುದಲ್ವಾ?" ಎಂದು ಕೇಳಿದರು. ತಮಾಷೆಗಲ್ಲ, ನಿಜವಾಗಿಯೇ ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಇನ್ನಷ್ಟು ಬಿಡಿಸಿ ಬರೆಯುತ್ತೇನೆ, ಏಕೆಂದರೆ ಕೇಳದೇ ಇದ್ದ ಹುಡುಗರು ಇನ್ನೂ ಜಾಸ್ತಿ ಇರುತ್ತಾರೆ.

ಮೊದಲು ಅಮೆರಿಕದ ಮಾತನ್ನೇ ತೆಗೆದುಕೊಳ್ಳೋಣ. ಅಲ್ಲಿ ತಾನು ಹೊಡೆಯುವ ತೋಟಾವನ್ನು ತಾನೇ ತುಂಬಿಕೊಳ್ಳಲು ಕೇಂದ್ರ ಸರ್ಕಾರದ ಪರವಾನಗಿ ಬೇಕಿಲ್ಲ, ತುಂಬಿ ಮಾರುವುದಾದರೆ ಮಾತ್ರ ಬೇಕು. ಹಾಗಾಗಿ ಅದು ಅಲ್ಲಿ ಬಹಳ ಜನರ ಹವ್ಯಾಸ. ನನ್ನ ಮಗಳು ಅಳಿಯ ಇರುವುದು ವಿಸ್ಕಾನ್ಸಿನ್ ರಾಜ್ಯದಲ್ಲಿ. ತೋಟಾ ತುಂಬುವ ಪ್ರೆಸ್ಸುಗಳಿಗೆ ಹೆಸರಾದ ಮೆಕ್ ಕಂಪನಿ ಇರುವುದೂ ಅದೇ ರಾಜ್ಯದ ಮೇವಿಲ್ ಊರಿನಲ್ಲಿ. ಮಗಳ ಪಕ್ಕದ ಮನೆಯ ಹಿರಿಯರೊಬ್ಬರ ಗ್ಯಾರೇಜಿನಲ್ಲಿ ಆ ಕಂಪನಿಯ 600 ಜೂನಿಯರ್ ಎಂಬ ಪ್ರೆಸ್ಸು ಇತ್ತು. ನಾನು ಜೀವಮಾನವೆಲ್ಲ ಡೈ, ಪಂಚು, ಫಿಕ್ಸ್‌ಚರ್ ಮಾಡಿದವನು, ಅದರ ಮುಂದೆ ನಿಂತರೆ ಅಲ್ಲಿಂದ ಕದಲುವ ಮನಸ್ಸೇ ಆಗಲಿಲ್ಲ.

ಅದು ಹೀಗೆ ಕೆಲಸ ಮಾಡುತ್ತದೆ. ಬೆಂಚಿಗೆ ಬೋಲ್ಟು ಹಾಕಿ ಕೂರಿಸಿದ ಪ್ರೆಸ್ಸು, ಬಲಗೈಗೆ ಸಿಗುವ ಲಿವರು. ತಲೆಯ ಮೇಲೆ ಎರಡು ಪ್ಲಾಸ್ಟಿಕ್ ಬಾಟಲಿ ಬೋರಲು ನಿಂತಿರುತ್ತವೆ, ಒಂದರಲ್ಲಿ ಮದ್ದು, ಇನ್ನೊಂದರಲ್ಲಿ ಚರೆ. ಮೊದಲ ಜಾಗದಲ್ಲಿ ಖಾಲಿ ತೋಟಾ ಇಟ್ಟು ಲಿವರು ಎಳೆದರೆ, ಗುಂಡು ಹಾರಿದಾಗ ಉಬ್ಬಿದ ಹಿತ್ತಾಳೆಯ ಬುಡ ಮತ್ತೆ ಅಳತೆಗೆ ಬರುತ್ತದೆ, ಮದ್ದಿಗೆ ಕಿಡಿ ಹೊತ್ತಿಸಿ ಸುಟ್ಟ ಕೇಪು ಟಕ್ಕೆಂದು ಕೆಳಗೆ ಉದುರುತ್ತದೆ. ಎರಡನೆಯದರಲ್ಲಿ ಹೊಸ ಕೇಪು ಕೂರಿಸುತ್ತಾರೆ. ಮೂರನೆಯದು ಮುಖ್ಯವಾದ ಜಾಗ. ಅಲ್ಲಿ ಒಂದು ಉದ್ದ ಪಟ್ಟಿಯನ್ನು ಒಂದು ಕಡೆಗೆ ಸರಿಸಿದರೆ ಅಳತೆಯ ಮದ್ದು ಬೀಳುತ್ತದೆ. ಆಮೇಲೆ ಮದ್ದಿಗೂ ಚರೆಗೂ ನಡುವೆ ಕೂರುವ ಪ್ಲಾಸ್ಟಿಕ್ ವ್ಯಾಡ್ ಒತ್ತಬೇಕು, ಪಟ್ಟಿಯನ್ನು ಇನ್ನೊಂದು ಕಡೆಗೆ ಸರಿಸಿದರೆ ಚರೆ ಗರಗರ ಎಂದು ಅದರೊಳಗೆ ಇಳಿಯುತ್ತದೆ. ಕೊನೆಯ ಎರಡು ಜಾಗದಲ್ಲಿ ತೋಟಾದ ಬಾಯಿ ಮಡಚುವ ಕೆಲಸ, ಮೊದಲು ಗೆರೆ ಮೂಡಿಸುವುದು, ಆಮೇಲೆ ಬಿಗಿಯಾಗಿ ಮುಚ್ಚುವುದು. ಮಡಿಕೆ ಸರಿಯಾಗಿ ಬಿದ್ದರೆ ಅಂಗಡಿ ತೋಟಾಕ್ಕೂ ಇದಕ್ಕೂ ವ್ಯತ್ಯಾಸ ಹೇಳುವುದು ಕಷ್ಟ. ಕೈ ಪಳಗಿದವರು ಗಂಟೆಗೆ ನಾಲ್ಕೈದು ಬಾಕ್ಸ್ ತುಂಬುತ್ತಾರೆ. ಒಂದು ಬಾಕ್ಸ್ ಎಂದರೆ 25 ತೋಟಾ.

ಈಗ ದುಡ್ಡಿನ ವಿಷಯ. ಆ ಹಿರಿಯರು ಗ್ಯಾರೇಜಿನ ಗೋಡೆಗೆ ಒಂದು ಬಿಳಿ ಹಲಗೆ ಹಾಕಿ ಅದರಲ್ಲಿ ದರ ಬರೆದಿಟ್ಟಿದ್ದರು, ದರ ಬದಲಾದ ಹಾಗೆ ಒರೆಸಿ ತಿದ್ದುತ್ತಿದ್ದರು. ಊರಿಂದೂರಿಗೆ, ವರ್ಷದಿಂದ ವರ್ಷಕ್ಕೆ ದರ ಹೆಚ್ಚು ಕಡಿಮೆ ಇರುತ್ತದೆ, ಆದರೂ ಲೆಕ್ಕದ ದಾರಿ ಒಂದೇ. ಸೀಸದ ಚರೆ 25 ಪೌಂಡಿನ ಚೀಲದಲ್ಲಿ ಬರುತ್ತದೆ, ಚೀಲಕ್ಕೆ 55 ಡಾಲರ್ ಎಂದಿಟ್ಟುಕೊಳ್ಳಿ. 25 ಪೌಂಡ್ ಎಂದರೆ 400 ಔನ್ಸ್. ತೋಟಾಕ್ಕೆ 1 ಔನ್ಸ್ ಹಾಕಿದರೆ 400 ತೋಟಾ, ಒಂದೂಕಾಲು ಔನ್ಸ್ ಹಾಕಿದರೆ 320. ಮದ್ದು ಪೌಂಡಿಗೆ 40 ಡಾಲರ್. ಒಂದು ಪೌಂಡಿನಲ್ಲಿ 7000 ಗ್ರೇನ್ ಇರುತ್ತದೆ, ಹಗುರ ತೋಟಾಕ್ಕೆ ಸುಮಾರು 18 ಗ್ರೇನ್ ಸಾಕು, ಅಂದರೆ ಒಂದು ಗ್ರಾಂಗಿಂತ ಚೂರು ಜಾಸ್ತಿ. ಕೇಪು ಸಾವಿರಕ್ಕೆ 80 ಡಾಲರ್. ವ್ಯಾಡ್ ಒಂದಕ್ಕೆ 3 ಸೆಂಟ್. ಖಾಲಿ ತೋಟಾ ಪುಕ್ಕಟೆ, ತಾನೇ ಹೊಡೆದದ್ದು ತಾನೇ ಆರಿಸಿಕೊಂಡದ್ದು.

ಇಷ್ಟನ್ನೂ ಕೂಡಿಸಿದರೆ 1 ಔನ್ಸ್ ಚರೆಯ 12 ಬೋರ್ (ನಳಿಗೆಯ ಅಗಲದ ಸಾಮಾನ್ಯ ಅಳತೆ) ತೋಟಾ 25ಕ್ಕೆ ಸುಮಾರು 8.80 ಡಾಲರ್ ಬೀಳುತ್ತದೆ. ಅಂಥದ್ದೇ ತೋಟಾ ಅಲ್ಲಿನ ದೊಡ್ಡ ಅಂಗಡಿಯಲ್ಲಿ ಬಾಕ್ಸಿಗೆ 9ರಿಂದ 11 ಡಾಲರ್. ಎಲ್ಲಿ ಹೋಯಿತು ಅರ್ಧ ಖರ್ಚು? ಬಾಕ್ಸಿಗೆ ಒಂದೆರಡು ಡಾಲರ್ ಉಳಿದರೆ ಹೆಚ್ಚು. ಅರ್ಧಕ್ಕರ್ಧ ಉಳಿಯುತ್ತಿದ್ದ ಕಾಲ ಒಂದಿತ್ತು ಎಂದು ಆ ಹಿರಿಯರೂ ಹೇಳಿದರು, ಚರೆ ಕೇಪು ಎರಡೂ ಅಗ್ಗವಿದ್ದ ಕಾಲ ಅದು. 2020ರಲ್ಲಿ ಕೋವಿಡ್ ಬಂದಾಗ ಅಂಗಡಿಗಳಲ್ಲಿ ಕೇಪು ಸಿಗುವುದೇ ಕಷ್ಟವಾಯಿತು. ಆಮೇಲೆ ಯುರೋಪಿನಲ್ಲಿ ಯುದ್ಧ ಶುರುವಾಗಿ ಫಿರಂಗಿಗಳಿಗೆ ಬೇಕಾದ ನೈಟ್ರೋಸೆಲ್ಯುಲೋಸಿಗೆ ಬೇಡಿಕೆ ಏರಿತು, ಹವ್ಯಾಸಿಗಳ ಮದ್ದಿಗೂ ಅದೇ ಕಚ್ಚಾ ಸಾಮಾನು. ಏರಿದ ದರ ಮೊದಲಿನ ಜಾಗಕ್ಕೆ ಇಳಿದಿಲ್ಲ. ನಿಮ್ಮ ಲೇಖಕರು ಹೇಳಿದ್ದು ಆ ಹಳೆ ಕಾಲದ ಮಾತು ಎಂದು ನನಗೆ ಅನಿಸುತ್ತದೆ.

ಬೇಟೆಗಾರರು ಹೊಡೆಯುವುದು ಹಗುರ ತೋಟಾ ಅಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ಸರಿ, ಅದನ್ನೂ ನೋಡೋಣ. ಫೆಸೆಂಟ್‌ಗೆಂದು ಮಾರುವ ಒಂದೂಕಾಲು ಔನ್ಸಿನ ಜೋರು ತೋಟಾ ಬಾಕ್ಸಿಗೆ 20 ಡಾಲರ್ ದಾಟುತ್ತದೆ. ಮನೆಯಲ್ಲಿ ತುಂಬಿದರೆ ಮದ್ದು ಚರೆ ಎರಡೂ ಜಾಸ್ತಿ ಬೇಕು, ಆದರೂ ಹನ್ನೊಂದು ಹನ್ನೆರಡರೊಳಗೆ ಮುಗಿಯುತ್ತದೆ. ಅಂದರೆ ಬಾಕ್ಸಿಗೆ 10 ಡಾಲರಿನಷ್ಟು ಉಳಿತಾಯ. ಇಲ್ಲಿಗೆ ನಿಲ್ಲಿಸಿದರೆ ಲೇಖಕರ ಮಾತು ನಿಜವೇ ಅನಿಸುತ್ತದೆ. ಆದರೆ ಬೇಟೆಗಾರ ವರ್ಷಕ್ಕೆ ಎಷ್ಟು ಬಾಕ್ಸ್ ಹೊಡೆಯುತ್ತಾನೆ? ಫೆಸೆಂಟ್ ಬೇಟೆಗೆ ಹೆಸರುವಾಸಿಯಾದ ಸೌತ್ ಡಕೋಟಾದಲ್ಲೇ ಒಬ್ಬರಿಗೆ ದಿನಕ್ಕೆ ಮೂರು ಹುಂಜಕ್ಕಿಂತ ಹೆಚ್ಚು ಹೊಡೆಯಲು ಅವಕಾಶವಿಲ್ಲ. ಗುರಿ ಅಷ್ಟಕ್ಕಷ್ಟೇ ಇರುವವನಿಗೂ ದಿನಕ್ಕೆ ಅರ್ಧ ಬಾಕ್ಸ್ ಸಾಕು. ಕೆಲಸ ಕಾರ್ಯ ಇರುವ ಮನುಷ್ಯ ಬೇಟೆಯ ಕಾಲದಲ್ಲಿ ಎಷ್ಟು ದಿನ ಹೋದಾನು? ಮೂರು ಬಾಕ್ಸ್ ಮುಗಿದರೆ ದೊಡ್ಡದು. ಅಂದರೆ ವರ್ಷಕ್ಕೆ ಉಳಿದದ್ದು 30 ಡಾಲರ್.

ಆ 30 ಡಾಲರಿಗೆ ಎದುರಾಗಿ ಏನೇನು ಇಡಬೇಕು ನೋಡಿ. ಪ್ರೆಸ್ಸಿಗೆ 250ರ ಆಸುಪಾಸು. ಮದ್ದು ತೂಗುವ ತಕ್ಕಡಿ, ಅಳತೆಯ ಕೈಪಿಡಿ, ಬೀಳುವ ಮದ್ದಿನ ಅಳತೆ ಬದಲಿಸುವ ಬುಷಿಂಗು ಎಂದು ಇನ್ನೊಂದು 50. ಹಾಕಿದ ಬಂಡವಾಳ ಕೈಗೆ ಬರಲು ಹತ್ತು ವರ್ಷ. ಅಷ್ಟೇ ಅಲ್ಲ. ಚರೆ ಚೀಲದಲ್ಲೇ ಕೊಳ್ಳಬೇಕು, ಕೇಪು ಅಗ್ಗಕ್ಕೆ ಬೇಕೆಂದರೆ ಸಾವಿರದ ಪೆಟ್ಟಿಗೆಯಲ್ಲೇ ಕೊಳ್ಳಬೇಕು. ವರ್ಷಕ್ಕೆ 75 ತೋಟಾ ತುಂಬುವವನಿಗೆ ಒಂದು ಚೀಲ ಚರೆ ನಾಲ್ಕು ವರ್ಷ ಬರುತ್ತದೆ, ಸಾವಿರ ಕೇಪು ಹದಿಮೂರು ವರ್ಷ. ಅಷ್ಟು ದುಡ್ಡು ಸುಮ್ನೆ ಗ್ಯಾರೇಜಿನ ಶೆಲ್ಫಿನ ಮೇಲೆ ಕೂತಿರುತ್ತದೆ. ಹತ್ತಿರದ ಅಂಗಡಿಯಲ್ಲಿ ಸಿಗದೆ ಹೊರಗಿನಿಂದ ತರಿಸಿದರೆ ಮದ್ದಿಗೂ ಕೇಪಿಗೂ ಅಪಾಯದ ಸರಕು ಎಂದು ಸಾಗಣೆಗೆ ಬೇರೆ ಶುಲ್ಕ ಹಾಕುತ್ತಾರೆ, ಒಂದು ಸಲಕ್ಕೆ 20 ಡಾಲರಿಗೂ ಮೇಲೆ. ಒಂದು ವರ್ಷದ ಉಳಿತಾಯದ ಮುಕ್ಕಾಲು ಪಾಲು ಅಲ್ಲಿಗೇ ಹೋಯಿತು. ಗಂಟೆಗಳ ಕೆಲಸಕ್ಕೆ ಬೆಲೆ ಕಟ್ಟುವ ಗೋಜಿಗೇ ನಾನು ಹೋಗಿಲ್ಲ, ಏಕೆಂದರೆ ಇಷ್ಟಪಟ್ಟು ಮಾಡುವ ಕೆಲಸಕ್ಕೆ ಕೂಲಿ ಲೆಕ್ಕ ಹಾಕುವುದು ನನಗೆ ಒಪ್ಪಿಗೆಯಿಲ್ಲ.

ಬಾತುಕೋಳಿ ಹೊಡೆಯುವವರ ಕಥೆಯೇ ಬೇರೆ. ನೀರಿಗೆ ಬಿದ್ದ ಸೀಸದ ಚರೆಯನ್ನು ನುಂಗಿ ಹಕ್ಕಿಗಳು ಸಾಯುತ್ತವೆ ಎಂದು ಅಮೆರಿಕ ಇಡೀ ದೇಶಕ್ಕೆ ಅನ್ವಯಿಸುವಂತೆ 1991ರಿಂದ ನೀರುಹಕ್ಕಿ ಬೇಟೆಗೆ ಸೀಸ ನಿಷೇಧಿಸಿದೆ. ಕ್ಯಾಲಿಫೋರ್ನಿಯಾ 2019ರ ಜುಲೈನಿಂದ ಎಲ್ಲ ಬೇಟೆಗೂ ನಿಲ್ಲಿಸಿದೆ. ಸೀಸದ ಬದಲು ಉಕ್ಕಿನ ಚರೆ ಹಾಕಬೇಕು. ಉಕ್ಕು ಗಟ್ಟಿ, ನಳಿಗೆ ಗೀರುತ್ತದೆ, ಅದಕ್ಕೆ ದಪ್ಪ ವ್ಯಾಡ್ ಬೇಕು, ಮದ್ದಿನ ಅಳತೆಯೂ ಬೇರೆ. ಸೀಸದ ಅಳತೆಗೆ ಉಕ್ಕು ಸುರಿದರೆ ನಳಿಗೆಯೊಳಗೆ ಒತ್ತಡ ಎಲ್ಲಿಗೆ ಏರುತ್ತದೆ ಹೇಳಲಾಗದು. ಅಂಗಡಿಯ ಉಕ್ಕಿನ ತೋಟಾ ಅಷ್ಟೇನೂ ದುಬಾರಿಯಲ್ಲ, ಹಾಗಾಗಿ ಅಲ್ಲಿಯೂ ತುಂಬುವವನಿಗೆ ಲಾಭ ಕಾಣೆ.

ಹಾಗಾದರೆ ಯಾರಿಗೂ ಉಳಿಯುವುದಿಲ್ಲವೇ? ಉಳಿಯುತ್ತದೆ, ಅದನ್ನು ಮುಚ್ಚಿಟ್ಟರೆ ತಪ್ಪಾಗುತ್ತದೆ. ಮಣ್ಣಿನ ಬಿಲ್ಲೆ ಹಾರಿಸಿ ಹೊಡೆಯುವ ಟ್ರ್ಯಾಪ್, ಸ್ಕೀಟ್ ಆಟದವರಿಗೆ ಉಳಿಯುತ್ತದೆ. ಅವರ ಒಂದು ಸುತ್ತಿಗೇ 25 ತೋಟಾ, ವಾರಾಂತ್ಯದ ಒಂದು ಪಂದ್ಯಕ್ಕೆ ಎಂಟು ಬಾಕ್ಸ್. ಅದರಲ್ಲೂ ಸಣ್ಣ ನಳಿಗೆಯ 28 ಬೋರ್, 410 ಕೋವಿಯವರಿಗೆ ಉಳಿತಾಯ ಜೋರು. 410ಕ್ಕೆ ಚರೆ ಬೇಕಾಗುವುದು ಬರೀ ಅರ್ಧ ಔನ್ಸ್, ಆದರೆ ಅಂಗಡಿಯಲ್ಲಿ ಅದರ ಬೆಲೆ 12 ಬೋರಿನ ಹೆಚ್ಚುಕಡಿಮೆ ದುಪ್ಪಟ್ಟು. ಮನೆಯಲ್ಲಿ ತುಂಬಿದರೆ ಆರೂವರೆ ಏಳು ಡಾಲರಿಗೆ ಬಾಕ್ಸ್ ಆಗುತ್ತದೆ. ವರ್ಷಕ್ಕೆ ನೂರಾರು ಬಾಕ್ಸ್ ಹೊಡೆಯುವವನ ಪ್ರೆಸ್ಸಿನ ದುಡ್ಡು ಒಂದೇ ಹಂಗಾಮಿನಲ್ಲಿ ವಾಪಸ್. ಬೇಟೆಯಲ್ಲೂ ಒಂದು ಕಡೆ ಲಾಭವಿದೆ. ಟರ್ಕಿ ಕೋಳಿಗೆ ಟಂಗ್‌ಸ್ಟನ್ ಚರೆ ಹಾಕುವವರಿದ್ದಾರೆ, ಅದು ಸೀಸಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ತೂಕದ ಲೋಹ, ಅಂಗಡಿಯಲ್ಲಿ ಒಂದೊಂದು ತೋಟಾಕ್ಕೂ ಹತ್ತು ಡಾಲರ್ ಆಗುವುದುಂಟು. ಅಂಥದ್ದನ್ನು ತಾವೇ ತುಂಬಿಕೊಳ್ಳುವವರಿಗೆ ನಿಜವಾಗಿ ಉಳಿಯುತ್ತದೆ. ನಿಮ್ಮ ಲೇಖಕರು ಬರೆದದ್ದು ಇವರ ಬಗ್ಗೆ ಅಲ್ಲ. ಸೀಸನ್ನಿಗೆ ನಾಲ್ಕು ದಿನ ಕಾಡಿಗೆ ಹೋಗುವ ಸಾಮಾನ್ಯ ಬೇಟೆಗಾರನ ಬಗ್ಗೆ, ಅವನಿಗೆ ಉಳಿಯುವುದಿಲ್ಲ.

ನಾನು ನೋಡಿದ ಆ ಹಿರಿಯರು ಕೂಡ ಬಿಲ್ಲೆ ಹೊಡೆಯುವವರೇ. ಬೇಟೆಗೆ ಹೋಗುವಾಗ ಅಂಗಡಿಯ ತೋಟಾ ಕೊಂಡೇ ಹೋಗುತ್ತಾರೆ. ಮಳೆ, ಹಿಮದಲ್ಲಿ ಮನೆಯಲ್ಲಿ ಮಡಚಿದ ಬಾಯಿಯಿಂದ ತೇವ ಒಳಗೆ ಇಳಿಯಬಹುದು, ವರ್ಷಕ್ಕೊಮ್ಮೆ ಸಿಗುವ ದಿನ ಹಾಳು ಮಾಡಿಕೊಳ್ಳಲು ತನಗೆ ಇಷ್ಟವಿಲ್ಲ ಎಂದರು.

ಇನ್ನು ನಮ್ಮ ಮಾತು. ಇಲ್ಲಿ ಡಾಲರು ರೂಪಾಯಿ ಲೆಕ್ಕ ಶುರು ಮಾಡುವ ಮೊದಲೇ ಕಾನೂನು ಎದುರಿಗೆ ನಿಂತಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 2ನೇ ಸೆಕ್ಷನ್ನಿನಲ್ಲಿ ಮದ್ದುಗುಂಡು ಎಂದರೆ ಏನು ಎಂದು ಹೇಳಿದ್ದಾರೆ. ತುಂಬಿದ ತೋಟಾ ಒಂದೇ ಅಲ್ಲ, ತೋಟಾದ ಬಿಡಿಭಾಗಗಳು, ತೋಟಾ ಮಾಡುವ ಯಂತ್ರ ಕೂಡ ಕಾನೂನಿನ ಕಣ್ಣಿಗೆ ಮದ್ದುಗುಂಡೇ. ಅಂದರೆ ಭೋಸರಿಯ ಯಾವುದೋ ಸಣ್ಣ ವರ್ಕ್‌ಶಾಪಿನಲ್ಲಿ ಲೇತು ಮಿಲ್ಲಿಂಗು ಹಿಡಿದು ಒಂದು ಪ್ರೆಸ್ಸು ಮಾಡಿಟ್ಟುಕೊಂಡರೆ, ಅದರಲ್ಲಿ ಒಂದು ತೋಟಾ ಕೂಡ ತುಂಬದಿದ್ದರೂ ಪರವಾನಗಿಯಿಲ್ಲದೆ ಮದ್ದುಗುಂಡು ಇಟ್ಟುಕೊಂಡ ಹಾಗೆ ಆಗಬಹುದು. 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಸಲು ಪ್ರತ್ಯೇಕ ಪರವಾನಗಿ ಬೇಕು. ಕೋವಿ ಇಟ್ಟುಕೊಳ್ಳುವ ಪರವಾನಗಿ ಬೇರೆ, ತಯಾರಿಸುವ ಪರವಾನಗಿ ಬೇರೆ. ಪರವಾನಗಿಯಿಲ್ಲದೆ ತಯಾರಿಸಿದರೆ ಶಿಕ್ಷೆ ಏನೆಂದು 25ನೇ ಸೆಕ್ಷನ್ ಹೇಳುತ್ತದೆ. ಮೊದಲು ಅದು ಮೂರರಿಂದ ಏಳು ವರ್ಷ ಇತ್ತು. 2019ರ ತಿದ್ದುಪಡಿ ಬಂದ ಮೇಲೆ ಕಡಿಮೆ ಎಂದರೆ ಏಳು ವರ್ಷ, ಜೀವಾವಧಿಯವರೆಗೂ ಹೋಗಬಹುದು. ಒಂದು ತೋಟಾಕ್ಕೆ ನಾಲ್ಕು ಕಾಸು ಉಳಿಸಲು ಹೊರಟ ಹುಡುಗನಿಗೆ ಏಳು ವರ್ಷ ಜೈಲು! ಇದನ್ನು ಕೇಳಿದಾಗ ನನ್ನ ಹತ್ತಿರ ಬಂದವರ ಮುಖ ಬಿಳಿಚಿಹೋಯಿತು. ಅವರಿಗೆ ಯಾರೂ ಹೇಳಿರಲೇ ಇಲ್ಲ.

ಕೊಡಗಿನವರಿಗೆ ವಿನಾಯಿತಿ ಇದೆಯಲ್ಲ ಎಂದು ಒಬ್ಬ ಕೇಳಿದ. ಇದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ (ಅಲ್ಲಿನ ವಂಶಪಾರಂಪರ್ಯ ಜಮೀನಿನವರಿಗೂ) ಕೋವಿ ಇಟ್ಟುಕೊಳ್ಳಲು ಪರವಾನಗಿ ಬೇಡ ಎಂಬ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು, ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಿದೆ. ಅದು ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು, ತೋಟಾ ತಯಾರಿಸುವುದಕ್ಕಲ್ಲ. ಹಳಿಯಾಳದವರಿಗೆ ಅದೂ ಇಲ್ಲ.

ಇನ್ನೊಬ್ಬನ ಅಣ್ಣ ಅಮೆರಿಕದಿಂದ ರಜೆಗೆ ಬರುವವನಿದ್ದ, ಬರುವಾಗ ಒಂದೆರಡು ಡಬ್ಬಿ ಕೇಪು ತರಲು ಹೇಳಲಾ ಎಂದ. ಬೇಡಪ್ಪಾ, ದಯವಿಟ್ಟು ಬೇಡ. ಮದ್ದು ಮತ್ತು ಕೇಪನ್ನು ವಿಮಾನದಲ್ಲಿ ಕೈಚೀಲದಲ್ಲೂ ಒಯ್ಯುವಂತಿಲ್ಲ, ಲಗೇಜಿಗೂ ಹಾಕುವಂತಿಲ್ಲ. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬ್ಯಾಗಿನ ಮೂಲೆಯಲ್ಲಿ ಮರೆತುಹೋದ ಒಂದೇ ಒಂದು ತೋಟಾ ಸಿಕ್ಕಿ ಕೇಸು ಬಿದ್ದವರು ಎಷ್ಟೋ ಜನ. ಗೊತ್ತಿದ್ದು ಇಟ್ಟುಕೊಂಡದ್ದಲ್ಲ ಎಂದು ಎಷ್ಟೋ ಸಲ ಕೋರ್ಟಿನಲ್ಲಿ ಬಿಡುಗಡೆಯಾಗುತ್ತದೆ, ಆದರೆ ಅಷ್ಟರೊಳಗೆ ಪಾಸ್‌ಪೋರ್ಟು, ನೌಕರಿ, ನೆಮ್ಮದಿ ಎಲ್ಲ ಅಲ್ಲಾಡಿರುತ್ತದೆ. ಊರಿನಿಂದ ಬರುವಾಗ ಕೋವಿಯ ಜೊತೆ ಬಳಸಿದ ಚೀಲವನ್ನೇ ಹೆಗಲಿಗೆ ಹಾಕಿಕೊಂಡು ಲೋಹೆಗಾಂವ್ ವಿಮಾನ ನಿಲ್ದಾಣಕ್ಕೆ ಹೋಗುವವರು ಚೀಲದ ಎಲ್ಲ ಜೇಬು ತಿರುವಿ ಝಾಡಿಸಿ ನೋಡಿಕೊಳ್ಳಿ.

ಕಾನೂನು ಬಿಟ್ಟು ಕೈ ಕಣ್ಣಿನ ಮಾತಿಗೆ ಬರೋಣ. ಇದು ನನಗೆ ಹೆಚ್ಚು ಸಂಕಟದ ವಿಷಯ. ನಮ್ಮ ಕಡೆಯ ಹುಡುಗರು ಹೇಳುವ ಮಾತು ಇದು: ನಮ್ಮಜ್ಜ ಕೇಪಿನ ಕೋವಿಗೆ ಮನೆಯಲ್ಲೇ ನಳಿಗೆಯ ಬಾಯಿಂದ ಮದ್ದು ಹಾಕಿ, ಕತ್ತ ತುರುಕಿ, ಗಜದ ಕಡ್ಡಿಯಿಂದ ಜಡಿಯುತ್ತಿದ್ದ, ಏನೂ ಆಗಲಿಲ್ಲ, ತೋಟಾ ತುಂಬುವುದು ಅದಕ್ಕಿಂತ ಸುಲಭ ಅಲ್ವಾ? ಅಲ್ಲ. ಅಜ್ಜ ಹಾಕುತ್ತಿದ್ದದ್ದು ಕರಿಮದ್ದು. ಅದರ ಒತ್ತಡ ಕಡಿಮೆ, ಕೈಯಳತೆಯಲ್ಲಿ ಚೂರು ಹೆಚ್ಚು ಕಡಿಮೆಯಾದರೂ ನಡೆಯುತ್ತಿತ್ತು. ಆದರೂ ನಮ್ಮ ಪಕ್ಕದ ಹಳ್ಳಿಯಲ್ಲಿ ಮದ್ದು ಜಾಸ್ತಿ ಜಡಿದು ಎರಡು ಬೆರಳು ಕಳೆದುಕೊಂಡವರನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಈಗಿನ ತೋಟಾದಲ್ಲಿರುವುದು ಹೊಗೆಯಿಲ್ಲದ ಮದ್ದು. ಕರಿಮದ್ದಿನ ಅಳತೆ ಬಟ್ಟಲಲ್ಲಿ ಇದನ್ನು ತುಂಬಿದರೆ ಬೇಕಾದ್ದಕ್ಕಿಂತ ಬಹಳ ಜಾಸ್ತಿ ಬಿದ್ದುಬಿಡುತ್ತದೆ, ನಳಿಗೆ ಸೀಳಬಹುದು. ಹೊಗೆಯಿಲ್ಲದ ಮದ್ದಿನಲ್ಲೂ ಬೇಗ ಉರಿಯುವುದು, ನಿಧಾನ ಉರಿಯುವುದು ಎಂದು ಹತ್ತಾರು ಬಗೆ. ಕಣ್ಣಿಗೆ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಸಾಮಾನ್ಯ 12 ಬೋರ್ ತೋಟಾಕ್ಕೆ ಅಮೆರಿಕದಲ್ಲಿ ಇಟ್ಟಿರುವ ಒತ್ತಡದ ಮಿತಿ ಚದರ ಇಂಚಿಗೆ 11,500 ಪೌಂಡ್. ಅದನ್ನು ದಾಟುವುದಕ್ಕೆ ಏನೋ ದೊಡ್ಡ ಎಡವಟ್ಟು ಆಗಬೇಕಿಲ್ಲ. ಬೇರೆ ಕೇಪು, ಬೇರೆ ವ್ಯಾಡ್, ಬೇರೆ ಕಂಪನಿಯ ಖಾಲಿ ತೋಟಾ ಇಷ್ಟರಲ್ಲಿ ಒಂದು ಬದಲಾದರೂ ಒತ್ತಡ ಬದಲಾಗುತ್ತದೆ. ಅದಕ್ಕೇ ಅಲ್ಲಿನವರು ಕೈಪಿಡಿಯಲ್ಲಿ ಬರೆದದ್ದನ್ನು ಒಂದಕ್ಷರ ಬದಲಿಸದೆ ಪಾಲಿಸುತ್ತಾರೆ.

ಜಾಸ್ತಿ ಮದ್ದು ಒಂದೇ ಅಪಾಯ ಎಂದುಕೊಳ್ಳಬೇಡಿ. ಮಾತಾಡುತ್ತಾ ತುಂಬುವಾಗ ಒಂದು ತೋಟಾಕ್ಕೆ ಮದ್ದು ಬೀಳದೇ ಹೋಯಿತು ಎನ್ನಿ. ಹೊಡೆದಾಗ ಕೇಪಿನ ಬಲಕ್ಕೇ ವ್ಯಾಡ್ ಅರ್ಧ ದಾರಿ ಹೋಗಿ ನಳಿಗೆಯೊಳಗೆ ಸಿಕ್ಕಿಕೊಳ್ಳುತ್ತದೆ. ಢಂ ಎನ್ನುವ ಬದಲು ಪುಸ್ ಎಂದದ್ದನ್ನು ಗಮನಿಸದೆ ಇನ್ನೊಂದು ಈಡು ಹೊಡೆದರೆ ನಳಿಗೆ ಅಲ್ಲೇ ಒಡೆಯುತ್ತದೆ, ಎಡಗೈ ಇರುವುದೂ ಅಲ್ಲೇ.

ಮತ್ತೆ ನಮ್ಮ ಮನೆಗಳಲ್ಲಿರುವ ಕೋವಿಗಳಾದರೂ ಎಂಥವು? ಎಷ್ಟೋ ಕೋವಿ ಇಂಗ್ಲಿಷರ ಕಾಲದ ಜೋಡಿನಳಿಗೆಯವು. ಹಳೆ ಇಂಗ್ಲಿಷ್ 12 ಬೋರ್ ಕೋವಿಗಳಲ್ಲಿ ತೋಟಾ ಕೂರುವ ಗೂಡು ಹೆಚ್ಚಾಗಿ ಎರಡೂವರೆ ಇಂಚಿನದು, ಅಂದರೆ ಸುಮಾರು 65 ಮಿಲಿಮೀಟರ್. ಈಗಿನ ತೋಟಾ ಹೆಚ್ಚಿನವು 70 ಮಿಲಿಮೀಟರಿನವು. ಬಾಯಿ ಮಡಚಿರುವುದರಿಂದ ಅದು ಆ ಗೂಡಿನಲ್ಲಿ ಸಲೀಸಾಗಿ ಕೂರುತ್ತದೆ, ಕೋವಿ ಮುಚ್ಚಿಕೊಳ್ಳುತ್ತದೆ. ಆದರೆ ಹೊಡೆದಾಗ ಮಡಿಕೆ ಬಿಚ್ಚಲು ಜಾಗ ಸಾಲದೆ ನಳಿಗೆಯ ಇಕ್ಕಟ್ಟಿಗೆ ಚಾಚಿಕೊಂಡು ಒತ್ತಡ ಏರುತ್ತದೆ. ಕಬ್ಬಿಣ ಉಕ್ಕಿನ ಪಟ್ಟಿ ಹೆಣೆದು ಬೆಸೆದ ಇನ್ನೂ ಹಳೆಯ ನಳಿಗೆಗಳೂ ನಮ್ಮ ಕಡೆ ಇವೆ, ಮೇಲೆ ಚಂದದ ಸುರುಳಿ ಚಿತ್ತಾರ ಕಾಣುತ್ತದೆ. ಒಳಗೆ ಬೆಸುಗೆಯ ಸಂದಿಯಲ್ಲಿ ಎಷ್ಟು ತುಕ್ಕು ತಿಂದಿದೆ ಎಂದು ಹೊರಗಿನಿಂದ ನೋಡಿ ಹೇಳಲು ನನ್ನಂಥ ಲೋಹದ ಕೆಲಸದವನಿಗೂ ಸಾಧ್ಯವಿಲ್ಲ. ಅಂಥ ಕೋವಿಗೆ ಅಳತೆ ಗೊತ್ತಿಲ್ಲದ ಕೈ ತೋಟಾ ಹಾಕುವುದನ್ನು ನೆನೆದರೆ ನನ್ನ ಮೈ ಜುಂ ಎನ್ನುತ್ತದೆ.

ಸೀಸದ ಮಾತೂ ಇದೆ. ಚರೆ ಕೊಳ್ಳಲಾಗದಿದ್ದರೆ ಹಳೆ ಬ್ಯಾಟರಿಯ ಸೀಸ ಕರಗಿಸಿ ಮಾಡಿಕೊಳ್ಳೋಣ ಎಂದ ಒಬ್ಬ. ಮಕ್ಕಳಿರುವ ಮನೆಯ ಹಿತ್ತಲಲ್ಲಿ ಬ್ಯಾಟರಿ ಸೀಸ ಕರಗಿಸಬಾರದು. ಅದರ ಹೊಗೆ, ಬೂದಿ, ದೂಳು ಎಲ್ಲ ಮಕ್ಕಳ ಮಿದುಳಿಗೆ ವಿಷ. ಸುಟ್ಟ ಕೇಪಿನ ದೂಳಿನಲ್ಲೂ ಸೀಸ ಇರುತ್ತದೆ, ಆ ವಿಸ್ಕಾನ್ಸಿನ್ನಿನ ಹಿರಿಯರು ಗ್ಯಾರೇಜಿನಿಂದ ಹೊರಬಂದ ಕೂಡಲೇ ಮೊಣಕೈವರೆಗೆ ಸೋಪು ಹಾಕಿ ತೊಳೆದುಕೊಂಡೇ ಮೊಮ್ಮಗುವನ್ನು ಎತ್ತಿಕೊಳ್ಳುತ್ತಿದ್ದರು.

ಹುಡುಗರ ತಲೆಯಲ್ಲಿರುವುದು ಶೋಕಿ ಒಂದೇ ಅಲ್ಲ ಎಂಬುದೂ ನನಗೆ ಗೊತ್ತು. ಊರಲ್ಲಿ ಕಬ್ಬು ಭತ್ತಕ್ಕೆ ಹಂದಿಯ ಕಾಟ ನಿಜ. ಒಂದು ರಾತ್ರಿ ಹಿಂಡು ನುಗ್ಗಿದರೆ ಬೆಳಿಗ್ಗೆ ನೋಡಲಾಗುವುದಿಲ್ಲ. ದೀಪಾವಳಿಗೆ ಊರಿಗೆ ಹೋದ ಮಗನಿಗೆ ಅಪ್ಪನ ಕಷ್ಟ ನೋಡಿ ಏನಾದರೂ ಮಾಡಬೇಕು ಅನಿಸುತ್ತದೆ. ಆದರೆ ತೋಟಾದ ಬೆಲೆ ಈ ಕಷ್ಟದಲ್ಲಿ ಎಷ್ಟನೆಯ ಸಾಲಿನದು? ಹಂದಿ ಹೆದರಿಸಲು ಗಾಳಿಯಲ್ಲಿ ಹೊಡೆಯುವ ಈಡು ಲೆಕ್ಕ ಹಾಕಿದರೂ ಒಬ್ಬ ರೈತನಿಗೆ ವರ್ಷಕ್ಕೆ ಹತ್ತಿಪ್ಪತ್ತು ತೋಟಾ ಖರ್ಚಾದರೆ ಹೆಚ್ಚು. ಎಷ್ಟು ಕೊಳ್ಳಬಹುದು ಎಂಬುದನ್ನು ಪರವಾನಗಿಯಲ್ಲೇ ಬರೆದಿರುತ್ತಾರೆ. ಅದೆಲ್ಲದರ ಬೆಲೆ ಒಂದು ರಾತ್ರಿ ಹಾಳಾದ ಬೆಳೆಯ ಮುಂದೆ ಏನೂ ಅಲ್ಲ. ತೋಟಾ ಅಗ್ಗವಾದರೆ ಹಂದಿ ಕಾಟ ತಪ್ಪುತ್ತದೆ ಎಂಬುದು ಸುಳ್ಳು ಸಮಾಧಾನ.

ಬೇಟೆಯಂತೂ ನಮ್ಮ ದೇಶದಲ್ಲಿ ಮುಗಿದ ವಿಷಯ. 1972ರ ವನ್ಯಜೀವಿ ರಕ್ಷಣಾ ಕಾಯ್ದೆಗೆ 1991ರಲ್ಲಿ ತಿದ್ದುಪಡಿ ಬಂದ ಮೇಲೆ ಪರವಾನಗಿ ಪಡೆದು ಆಡುವ ಶಿಕಾರಿಯೂ ನಿಂತಿತು. ಹೊಲಕ್ಕೆ ಬಂದ ಹಂದಿ ಎಂದರೂ ತಾನೇ ಹೊಡೆದರೆ ಅಪರಾಧವೇ. ಆದರೆ ಅದೇ ಕಾಯ್ದೆಯ 11ನೇ ಸೆಕ್ಷನ್ನಿನಲ್ಲಿ ದಾರಿ ಇದೆ. ನಿಂತ ಬೆಳೆಗೆ ಹಾನಿ ಮಾಡುವ ಪ್ರಾಣಿಯನ್ನು ಹೊಡೆಯಲು, ಅದು ಅತಿ ಹೆಚ್ಚು ರಕ್ಷಣೆಯ ಮೊದಲ ಅನುಸೂಚಿಯದ್ದಲ್ಲದಿದ್ದರೆ, ಅರಣ್ಯ ಇಲಾಖೆಯ ಅಧಿಕಾರ ಪಡೆದ ಅಧಿಕಾರಿ ಕಾರಣ ಬರೆದು ಲಿಖಿತ ಅಪ್ಪಣೆ ಕೊಡಬಹುದು. ಬೆಳೆ ಹಾನಿಗೆ ಪರಿಹಾರವನ್ನೂ ಕೇಳಬಹುದು. ಪುಣೆಯಲ್ಲಿ ಕೂತ ಮಗ ಅಪ್ಪನಿಗಾಗಿ ಏನಾದರೂ ಮಾಡುವುದಾದರೆ ಆ ಅರ್ಜಿ ಬರೆದುಕೊಡಲಿ, ಹಾನಿಯ ಫೋಟೋ ತೆಗೆದು ಲಗತ್ತಿಸಲಿ, ಅದರ ಬೆನ್ನು ಹತ್ತಲಿ. ಕಚೇರಿಗೆ ನಾಲ್ಕು ಸಲ ಅಲೆಯಬೇಕಾಗುತ್ತದೆ, ನಿಜ. ನಾಲ್ಕು ಸಲ ಅಲೆಯಲಿ.

ಗುಂಡು ಹೊಡೆಯುವ ಆಸೆಯೇ ಇದ್ದರೆ ಇಲ್ಲಿ ಬಾಲೇವಾಡಿಯ ಕ್ರೀಡಾ ಸಂಕೀರ್ಣದಲ್ಲಿ ಶೂಟಿಂಗ್ ರೇಂಜ್ ಇದೆ. ನಮ್ಮ ನೆರೆಯ ಕೊಲ್ಹಾಪುರದ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್‌ನಲ್ಲಿ ಕಂಚು ಗೆದ್ದ ಮೇಲೆ ಈ ಕಡೆ ಮಕ್ಕಳಿಗೆ ಎಷ್ಟು ಹುರುಪು ಬಂದಿದೆ! ಅವರು ಹೊಡೆಯುವ ಪಾಯಿಂಟ್ 22ರ ಗುಂಡನ್ನು ಮನೆಯಲ್ಲಿ ಮತ್ತೆ ತುಂಬುವುದಂತೂ ಆಗುವ ಮಾತಲ್ಲ, ಕಿಡಿ ಹೊತ್ತುವ ಮಸಾಲೆ ಅದರ ಬುಡದ ಅಂಚಿನೊಳಗೇ ಇರುತ್ತದೆ, ಒಮ್ಮೆ ಹೊಡೆದರೆ ಆ ಕೇಸು ಮುಗಿಯಿತು. ಏರ್ ರೈಫಲ್‌ನಿಂದ ಶುರು ಮಾಡಿದರೆ ಮದ್ದಿನ ಮಾತೇ ಬರುವುದಿಲ್ಲ.

ಸಂಪಾದಕರಲ್ಲಿ ಒಂದು ಕೋರಿಕೆ. ಬೇರೆ ದೇಶದ ಇಂಥ ಬರಹ ಹಾಕುವಾಗ ನಮ್ಮಲ್ಲಿನ ಕಾನೂನು ಏನು ಎಂದು ಕೆಳಗೆ ಎರಡು ಸಾಲು ಸೇರಿಸಿ. ಪುರವಣಿಯಲ್ಲಿ ಬಂದದ್ದನ್ನು ನಮ್ಮ ಜನ ನಂಬುತ್ತಾರೆ, ಕತ್ತರಿಸಿ ಇಟ್ಟುಕೊಳ್ಳುತ್ತಾರೆ.

ಇದನ್ನು ಓದುತ್ತಿರುವವರ ಊರ ಮನೆಯ ಅಟ್ಟದಲ್ಲಿ, ಪೆಟ್ಟಿಗೆಯಲ್ಲಿ ಅಜ್ಜ ಬಿಟ್ಟುಹೋದ ಹಳೆ ತೋಟಾ, ಡಬ್ಬಿಯಲ್ಲಿ ಮದ್ದು, ಕೇಪು ಇದ್ದರೆ ಅದನ್ನು ಹೊಡೆದು ಪರೀಕ್ಷಿಸಬೇಡಿ, ಬಿಚ್ಚಬೇಡಿ, ಬೆಂಕಿಗೂ ಬಾವಿಗೂ ಹಾಕಬೇಡಿ. ಬಸ್ಸಿನಲ್ಲಿ ಎಲ್ಲಿಗೂ ಒಯ್ಯಬೇಡಿ. ಇದ್ದ ಜಾಗದಲ್ಲೇ ಬಿಟ್ಟು, ಮಕ್ಕಳ ಕೈಗೆ ಸಿಗದ ಹಾಗೆ ನೋಡಿಕೊಂಡು, ವಕೀಲರನ್ನು ಕೇಳಿಕೊಂಡು ಪೊಲೀಸ್ ಠಾಣೆಗೆ ಬರವಣಿಗೆಯಲ್ಲಿ ತಿಳಿಸಿ, ಅರ್ಜಿಯ ಒಂದು ಪ್ರತಿಗೆ ಸಹಿ ಮೊಹರು ಹಾಕಿಸಿಕೊಳ್ಳಿ. ಪರವಾನಗಿದಾರರು ತೀರಿಕೊಂಡಿದ್ದರೆ ಕೋವಿಯ ವಿಷಯವನ್ನೂ ಅದೇ ಅರ್ಜಿಯಲ್ಲಿ ಬರೆಯಿರಿ. ಎಷ್ಟೋ ಮನೆಗಳಲ್ಲಿ ಇದೊಂದು ಕೆಲಸ ವರ್ಷಗಟ್ಟಲೆ ಹಾಗೇ ಉಳಿದುಬಿಟ್ಟಿದೆ.

ನಿಮ್ಮ ಓದುಗ,
ಚಿಂಚ್ವಡ, ಪುಣೆ